ವೀಲ್‌ಚೇರ್‌ನಿಂದ ವಿಶ್ವ ಚಾಂಪಿಯನ್: ನಡುವಿನ ಆರು ವರ್ಷಗಳ ಲೆಕ್ಕ

ಪ್ರಶ್ನೆ: ನನ್ನ ಮಗನಿಗೆ 15 ವರ್ಷ. ಹತ್ತನೇ ತರಗತಿಯಲ್ಲಿದ್ದಾನೆ. ಎಂಟನೇ ವಯಸ್ಸಿನಿಂದ ಬ್ಯಾಡ್ಮಿಂಟನ್ ಆಡುತ್ತಿದ್ದಾನೆ, ಬಲಗೈ ಆಟಗಾರ, ಸಿಂಗಲ್ಸ್ ಮಾತ್ರ. ಕಳೆದ ತಿಂಗಳು ಅಭ್ಯಾಸದಲ್ಲಿ ಹಿಂದಕ್ಕೆ ಜಿಗಿದು ಇಳಿಯುವಾಗ ಎಡ ಪಾದ ಉಳುಕಿತು. ಒಂದು ವರ್ಷದೊಳಗೆ ಇದು ಎರಡನೇ ಸಲ. ಊತ ಇಳಿದಿದೆ, ನಡೆಯುವಾಗ ನೋವಿಲ್ಲ. ಮೂರು ವಾರದಲ್ಲಿ ರಾಜ್ಯ ಮಟ್ಟದ ಟೂರ್ನಿ ಇದೆ. ಬೇಡವೆಂದರೆ ಮೊಬೈಲ್ ಹಿಡಿದು ಬರುತ್ತಾನೆ: ‘ನೋಡಮ್ಮಾ, ಚೀನಾದ ಶಿ ಯುಕಿ ಕಾಲಿಗೆ ಪೆಟ್ಟು ಮಾಡಿಕೊಂಡು ವೀಲ್‌ಚೇರ್‌ನಲ್ಲಿ ಹೋದವರು, ಒಂದು ವರ್ಷ ನಿಷೇಧ ಬೇರೆ, ಆಮೇಲೆ ವಿಶ್ವ ಚಾಂಪಿಯನ್ ಆದರು’ ಎನ್ನುತ್ತಾನೆ. ತರಬೇತುದಾರರು ಒಳ್ಳೆಯವರೇ, ಆದರೆ ಅವರದ್ದೂ ಅದೇ ಮಾತು. ‘ಚೀನಾದ ಮಕ್ಕಳು ನೋವಿನಲ್ಲೇ ಆಡುತ್ತಾರೆ, ಆರು ವರ್ಷಕ್ಕೇ ಶಾಲೆ ಬಿಡುತ್ತಾರೆ. ಇವನಿಗೆ ಈಗಲೇ ತಡವಾಗಿದೆ, ಎಸ್‌ಎಸ್‌ಎಲ್‌ಸಿ ಮುಗಿಸಿ ಓದು ನಿಲ್ಲಿಸಿ’ ಎಂದಿದ್ದಾರೆ. ನಾನು ಮಗನಿಗೆ ಅಡ್ಡಗಾಲು ಹಾಕುತ್ತಿದ್ದೇನೆಯೇ? — ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ನೀವು ಕೇಳಿರುವ ಪ್ರಶ್ನೆಗಳು ಹಲವು, ಅವುಗಳ ಹಿಂದಿನ ಅಳುಕು ಒಂದೇ. ಚೀನಾದ ಮಕ್ಕಳಿಗೆ ಸಿಗುವುದನ್ನು ನನ್ನ ಮಗನಿಂದ ನಾನೇ ತಪ್ಪಿಸುತ್ತಿದ್ದೇನೆಯೇ ಎಂಬ ಅಳುಕು ಅದು. ನಿಮ್ಮ ಪತ್ರ ಓದಿದ ಮೇಲೆ ನನಗನಿಸಿದ್ದು, ನೀವು ಏನನ್ನೂ ತಪ್ಪಿಸುತ್ತಿಲ್ಲ. ತುರ್ತಿನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ವರ್ಷದೊಳಗೆ ಎರಡು ಸಲ ಉಳುಕಿದ ಪಾದವನ್ನು, ‘ನಡೆಯುವಾಗ ನೋವಿಲ್ಲ’ ಎಂಬ ಒಂದೇ ಆಧಾರದ ಮೇಲೆ ಟೂರ್ನಿಗೆ ಇಳಿಸಬೇಡಿ. ಏಕೆ ಎಂಬುದನ್ನು ನಿಮ್ಮ ಮಗನ ನೆಚ್ಚಿನ ಆಟಗಾರರ ಬದುಕನ್ನೇ ಇಟ್ಟುಕೊಂಡು ಹೇಳುತ್ತೇನೆ. ನಾನು ಕ್ರೀಡಾ ಫಿಸಿಯೊಥೆರಪಿಸ್ಟ್. ಬ್ಯಾಡ್ಮಿಂಟನ್ ಆಟಗಾರರ ಪಾದ, ಮೊಣಕಾಲು, ಭುಜಗಳೇ ನನ್ನ ದಿನನಿತ್ಯದ ಕೆಲಸ. ಶಿ ಯುಕಿ ಅವರ ಆ ವಿಡಿಯೊ ಹಿಡಿದು ಬರುವ ಹುಡುಗರನ್ನು ನಾನೂ ಆಗಾಗ ನೋಡುತ್ತೇನೆ.

ನಿಮ್ಮ ಮಗ ಹೇಳಿದ ಕಥೆಯ ಆರಂಭವೂ ಕೊನೆಯೂ ನಿಜ. ನಡುವಿನದು ಮಾತ್ರ ಬಿಟ್ಟುಹೋಗಿದೆ.

ಶಿ ಯುಕಿ 1996ರಲ್ಲಿ ಹುಟ್ಟಿದ್ದು ಜಿಯಾಂಗ್ಸು ಪ್ರಾಂತ್ಯದ ನಾನ್‌ಟಾಂಗ್‌ನಲ್ಲಿ. ಯಾಂಗ್ಟ್ಸಿ ನದಿ ಸಮುದ್ರ ಸೇರುವ ಕಡೆ, ಶಾಂಘೈಗೆ ಹತ್ತಿರದ ಊರು ಅದು. 2018ರ ಮಾರ್ಚ್‌ನಲ್ಲಿ, 22ನೇ ವಯಸ್ಸಿಗೆ, ಆಲ್ ಇಂಗ್ಲೆಂಡ್ ಟೂರ್ನಿಯ ಫೈನಲ್‌ನಲ್ಲಿ ಅವರು ತಮ್ಮದೇ ದೇಶದ, ಎರಡು ಬಾರಿಯ ಒಲಿಂಪಿಕ್ ಚಾಂಪಿಯನ್ ಲಿನ್ ಡಾನ್ ಅವರನ್ನೇ ಮೂರು ಗೇಮ್‌ಗಳಲ್ಲಿ ಸೋಲಿಸಿದರು. ಕೊನೆಯ ಗೇಮ್ 21-9. ಅದೇ ವರ್ಷ ನಾನ್‌ಜಿಂಗ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಜಪಾನಿನ ಕೆಂಟೊ ಮೊಮೊಟಾ ಎದುರು ಸೋತರು. ಡಿಸೆಂಬರ್‌ನಲ್ಲಿ ಗುವಾಂಗ್‌ಝೌನ ವರ್ಲ್ಡ್ ಟೂರ್ ಫೈನಲ್ಸ್‌ನಲ್ಲಿ ಅದೇ ಮೊಮೊಟಾ ಅವರನ್ನು 21-12, 21-11ರಿಂದ ಮಣಿಸಿದರು. 2019ರ ಮೇ ತಿಂಗಳಲ್ಲಿ ಮಿಶ್ರ ತಂಡಗಳ ವಿಶ್ವ ಟೂರ್ನಿಯಾದ ಸುದೀರ್‌ಮನ್ ಕಪ್ ಫೈನಲ್‌ನಲ್ಲಿ ಮೊದಲ ಗೇಮ್ ಕಳೆದುಕೊಂಡ ಮೇಲೂ ಮೊಮೊಟಾ ವಿರುದ್ಧ ಗೆದ್ದರು. ಆ ಹೊತ್ತಿನಲ್ಲಿ ಯಾರನ್ನು ಕೇಳಿದ್ದರೂ ಇವರು ಇನ್ನೊಂದು ವರ್ಷದಲ್ಲಿ ವಿಶ್ವ ಚಾಂಪಿಯನ್ ಎಂದೇ ಹೇಳುತ್ತಿದ್ದರು.

ಜುಲೈನಲ್ಲಿ ಜಕಾರ್ತಾದ ಇಂಡೊನೇಷ್ಯಾ ಓಪನ್. ಡೆನ್ಮಾರ್ಕ್‌ನ ಆ್ಯಂಡರ್ಸ್ ಆ್ಯಂಟನ್ಸನ್ ವಿರುದ್ಧದ ಪಂದ್ಯದಲ್ಲಿ ಶಿ ಅವರ ಎಡ ಪಾದದ ಗಂಟು ತಿರುಚಿಕೊಂಡಿತು. ನಿಮ್ಮ ಮಗ ತೋರಿಸುವ ವೀಲ್‌ಚೇರ್ ದೃಶ್ಯ ಆ ಪಂದ್ಯದ್ದು. ಅಲ್ಲಿಂದ ಮುಂದಿನದು ಏಳುವ ಕಥೆಗಿಂತ ಹೆಚ್ಚಾಗಿ ತಡವರಿಸುವ ಕಥೆ. ಅಂಕಣಕ್ಕೇನೋ ಮರಳಿದರು, ಹಳೆಯ ಆಟ ಮರಳಲಿಲ್ಲ. 2021ರ ಟೋಕಿಯೊ ಒಲಿಂಪಿಕ್ಸ್‌ನ ಕ್ವಾರ್ಟರ್‌ಫೈನಲ್‌ನಲ್ಲಿ ಡೆನ್ಮಾರ್ಕ್‌ನ ವಿಕ್ಟರ್ ಆ್ಯಕ್ಸೆಲ್ಸನ್ ಎದುರು 13-21, 13-21ರಿಂದ ಸೋತರು. ಅದೇ ಅಕ್ಟೋಬರ್‌ನಲ್ಲಿ ಡೆನ್ಮಾರ್ಕ್‌ನ ಆರ್ಹಸ್‌ನಲ್ಲಿ ನಡೆದ, ಪುರುಷರ ತಂಡಗಳ ವಿಶ್ವ ಟೂರ್ನಿಯಾದ ಥಾಮಸ್ ಕಪ್‌ನ ಸೆಮಿಫೈನಲ್‌ನಲ್ಲಿ ಮೊಮೊಟಾ ಎದುರು ಮೊದಲ ಗೇಮ್ 20-22ರಿಂದ ಹೋಯಿತು, ಎರಡನೆಯದರಲ್ಲಿ 5-20ರಿಂದ ಹಿಂದಿದ್ದಾಗ, ಇನ್ನೊಂದೇ ಅಂಕಕ್ಕೆ ಪಂದ್ಯ ಮುಗಿಯಲಿದ್ದಾಗ, ಆಟ ಬಿಟ್ಟು ಹೊರನಡೆದರು. ಆ ನಡೆ ಮತ್ತು ಆಮೇಲೆ ಆಡಿದ ಮಾತಿಗಾಗಿ ಚೀನಾದ ಬ್ಯಾಡ್ಮಿಂಟನ್ ಸಂಸ್ಥೆ ಅವರನ್ನು ಅಮಾನತು ಮಾಡಿತು. ಉದ್ದೀಪನ ಮದ್ದಿಗೂ ಈ ನಿಷೇಧಕ್ಕೂ ಸಂಬಂಧವಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ನಮ್ಮ ಹುಡುಗರಲ್ಲಿ ಆ ಗಾಳಿಸುದ್ದಿಯೂ ಇದೆ.

2022ರ ಆಗಸ್ಟ್‌ನಲ್ಲಿ ಮತ್ತೆ ಕಣಕ್ಕೆ ಬಂದರು. ಅಕ್ಟೋಬರ್‌ನಲ್ಲಿ ಡೆನ್ಮಾರ್ಕ್ ಓಪನ್ ಗೆದ್ದರು. 2024 ಅವರ ವರ್ಷ ಎನ್ನುವಂತಿತ್ತು. ಇಂಡಿಯಾ ಓಪನ್, ಫ್ರೆಂಚ್ ಓಪನ್, ಸಿಂಗಪುರ ಓಪನ್, ಐದು ವರ್ಷದ ಹಿಂದೆ ವೀಲ್‌ಚೇರ್‌ನಲ್ಲಿ ಹೊರಹೋಗಿದ್ದ ಅದೇ ಇಂಡೊನೇಷ್ಯಾ ಓಪನ್, ಜತೆಗೆ ವಿಶ್ವದ ಒಂದನೇ ಸ್ಥಾನ. ಒಂದನೇ ಸ್ಥಾನದಲ್ಲೇ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದವರು ಕ್ವಾರ್ಟರ್‌ಫೈನಲ್‌ನಲ್ಲಿ ಥಾಯ್ಲೆಂಡ್‌ನ ಕುನ್ಲಾವುತ್ ವಿತಿದ್‌ಸರ್ನ್ ಎದುರು 12-21, 10-21ರಿಂದ ಸೋತುಹೋದರು. ಮುಂದಿನ ವರ್ಷ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು ಅದೇ ಪ್ಯಾರಿಸ್‌ನ ಅದೇ ಕ್ರೀಡಾಂಗಣದಲ್ಲಿ. ಫೈನಲ್‌ನಲ್ಲಿ ಎದುರಾದದ್ದೂ ಅದೇ ಕುನ್ಲಾವುತ್. 19-21, 21-10, 21-18. ಚೀನಾದ ಪುರುಷ ಆಟಗಾರನೊಬ್ಬ ಸಿಂಗಲ್ಸ್‌ನಲ್ಲಿ ವಿಶ್ವ ಚಾಂಪಿಯನ್ ಆದದ್ದು 2015ರ ಚೆನ್ ಲಾಂಗ್ ನಂತರ ಅದೇ ಮೊದಲು. ಶಿ ಅವರಿಗೆ ಆಗ 29 ವರ್ಷ.

ವೀಲ್‌ಚೇರ್‌ನಿಂದ ಆ ಪದಕಕ್ಕೆ ಆರು ವರ್ಷ ಹಿಡಿಯಿತು. ನಿಮ್ಮ ಮಗನ ಬಳಿ ಇರುವುದು ಮೂರು ವಾರ.

ಈಗ ಕಾಲಿನ ವಿಷಯಕ್ಕೆ ಬರೋಣ. ಬಲಗೈ ಆಟಗಾರನಿಗೆ ಎಡಗಾಲೇ ಏಕೆ ಎಂದು ಹಲವರು ಕೇಳುತ್ತಾರೆ. ಎದುರಾಳಿ ಶಟಲನ್ನು ಎಡ ಹಿಂಬದಿಯ ಮೂಲೆಗೆ, ಅಂದರೆ ಬ್ಯಾಕ್‌ಹ್ಯಾಂಡ್ ಮೂಲೆಗೆ ಎತ್ತಿಹಾಕುತ್ತಾನೆ. ಒಳ್ಳೆಯ ಸಿಂಗಲ್ಸ್ ಆಟಗಾರ ಅಲ್ಲಿ ಬ್ಯಾಕ್‌ಹ್ಯಾಂಡ್ ಆಡದೆ, ಹಿಂದಕ್ಕೆ ಜಿಗಿದು, ಬೆನ್ನನ್ನು ಎಡಕ್ಕೆ ಬಾಗಿಸಿ, ತಲೆಯ ಮೇಲಿನಿಂದ ರ‍್ಯಾಕೆಟ್ ಬೀಸುತ್ತಾನೆ. ಗಾಳಿಯಲ್ಲಿ ಕಾಲುಗಳು ಅದಲುಬದಲಾಗುತ್ತವೆ. ಇಳಿಯುವಾಗ ಇಡೀ ದೇಹದ ಭಾರ, ಅದೂ ಹಿಂದಕ್ಕೆ ಹೋಗುತ್ತಿರುವ ಭಾರ, ಎಡ ಪಾದವೊಂದರ ಮೇಲೆ ಬೀಳುತ್ತದೆ. ಕಣ್ಣು ಶಟಲಿನ ಮೇಲಿರುತ್ತದೆ, ನೆಲದ ಮೇಲಲ್ಲ. ಇಳಿದ ಅದೇ ಕ್ಷಣದಲ್ಲಿ ನೆಟ್‌ನತ್ತ ನುಗ್ಗಲು ಆ ಪಾದವೇ ದೇಹವನ್ನು ಮುಂದಕ್ಕೆ ತಳ್ಳಬೇಕು. ಪಾದದ ಹೊರ ಅಂಚು ಮೊದಲು ತಗುಲಿದರೆ ಗಂಟು ಒಳಕ್ಕೆ ತಿರುಚಿಕೊಳ್ಳುತ್ತದೆ. ಪಾದ ನೆಟ್ಟಗೆ ಊರಿ ಮೊಣಕಾಲು ಒಳಕ್ಕೆ ವಾಲಿದರೆ ಪೆಟ್ಟು ಮೊಣಕಾಲಿಗೆ. ಅದು ಇನ್ನೂ ಕೆಟ್ಟದ್ದು.

ಲಿ ಕ್ಸುಯೆರುಯಿ ಅವರಿಗೆ ಆದದ್ದು ಆ ಎರಡನೆಯದು. ಚೊಂಗ್‌ಕಿಂಗ್‌ನ ಈ ಆಟಗಾರ್ತಿ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 21ನೇ ವಯಸ್ಸಿಗೆ ಚಿನ್ನ ಗೆದ್ದವರು. 2016ರ ರಿಯೊ ಸೆಮಿಫೈನಲ್‌ನಲ್ಲಿ ಸ್ಪೇನ್‌ನ ಕ್ಯಾರೊಲಿನಾ ಮರಿನ್ ಎದುರಿನ ಪಂದ್ಯದ ಕೊನೆಯ ಹೊತ್ತಿಗೆ ಎಡ ಮೊಣಕಾಲಿನ ಲಿಗಮೆಂಟ್ (ಮೂಳೆಗಳನ್ನು ಬಿಗಿದು ಹಿಡಿಯುವ ಪಟ್ಟಿ) ಹರಿಯಿತು. ಕಂಚಿನ ಪದಕದ ಪಂದ್ಯ ಆಡಲಾಗಲಿಲ್ಲ. ಮರಳಿ ಬರುವ ಹೊತ್ತಿಗೆ ಸುಮಾರು 20 ತಿಂಗಳು ಕಳೆದಿತ್ತು. 2018ರ ಏಪ್ರಿಲ್‌ನಲ್ಲಿ ಲಿಂಗ್‌ಶುಯಿಯಲ್ಲಿ ಸಣ್ಣ ಮಟ್ಟದ ಟೂರ್ನಿಯಿಂದ ಶುರುಮಾಡಿ, ಅದನ್ನು ಗೆದ್ದು, ಇನ್ನೆರಡು ಪ್ರಶಸ್ತಿ ಗೆದ್ದು, 2019ರಲ್ಲಿ ನಿವೃತ್ತಿ ಘೋಷಿಸಿದರು. ವಯಸ್ಸು 28. ಒಲಿಂಪಿಕ್ ಚಾಂಪಿಯನ್‌, ಕೈಗೆಟುಕುವ ದೂರದಲ್ಲಿ ವೈದ್ಯರು, ತಂಡ, ಸರ್ಕಾರದ ಬೆಂಬಲ, ಎಲ್ಲ ಇದ್ದೂ ಹಳೆಯ ಎತ್ತರ ಮತ್ತೆ ಸಿಗಲಿಲ್ಲ. ನಿಮ್ಮ ಮಗ ಶಿ ಅವರ ವಿಡಿಯೊ ನೋಡುವ ದಿನ ಲಿ ಅವರದ್ದನ್ನೂ ನೋಡಲಿ. ಎರಡೂ ಒಂದೇ ತಂಡದ ಕಥೆಗಳು.

‘ಚೀನಾದವರು ನೋವಿನಲ್ಲೇ ಆಡುತ್ತಾರೆ’ ಎಂಬ ಮಾತಿನಲ್ಲಿ ಸತ್ಯವೂ ಇದೆ, ಮಿಥ್ಯೆಯೂ ಇದೆ. ತರಬೇತಿ ಕಠಿಣ, ಶಿಸ್ತು ಬಿಗಿ ಎನ್ನುವುದು ನಿಜ. ಸಣ್ಣಪುಟ್ಟ ನೋವಿಲ್ಲದೆ ಅಂಕಣಕ್ಕಿಳಿಯುವ ವೃತ್ತಿಪರ ಸಿಂಗಲ್ಸ್ ಆಟಗಾರ ಯಾವ ದೇಶದಲ್ಲೂ ಇಲ್ಲ. ಆದರೆ ಆ ನೋವು ಸ್ನಾಯುವಿನದ್ದೇ, ಲಿಗಮೆಂಟಿನದ್ದೇ, ಮೂಳೆಯದ್ದೇ ಎಂದು ನೋಡಲು ರಾಷ್ಟ್ರೀಯ ತಂಡದ ಜತೆ ಜನ ಇರುತ್ತಾರೆ. ನಿಮ್ಮ ಮಗನ ಅಭ್ಯಾಸದ ಹೊತ್ತಿನಲ್ಲಿ ಅಂಥವರು ಯಾರಿದ್ದಾರೆ ಎಂಬುದನ್ನು ಯೋಚಿಸಿ. ಇನ್ನೊಂದು ಮಾತು ಕೇಳಲು ಕಹಿ: ಚೀನಾದಲ್ಲಿ ಒಬ್ಬ ಆಟಗಾರ ಕಾಲು ಕಳೆದುಕೊಂಡರೆ ಆ ಜಾಗಕ್ಕೆ ಬರಲು ಸಾಲಿನಲ್ಲಿ ಬೇಕಾದಷ್ಟು ಜನ ನಿಂತಿರುತ್ತಾರೆ. ಒಬ್ಬನನ್ನು ಕಳೆದುಕೊಳ್ಳುವುದು ಆ ವ್ಯವಸ್ಥೆಗೆ ದಕ್ಕುತ್ತದೆ. ನಿಮ್ಮ ಮನೆಗೆ ದಕ್ಕುವುದಿಲ್ಲ.

ಓದು ನಿಲ್ಲಿಸುವ ಮಾತಿಗೂ ಇದೇ ಉತ್ತರ ಅನ್ವಯಿಸುತ್ತದೆ. ಚೀನಾದ ಮಗು ಕ್ರೀಡಾ ಶಾಲೆಗೆ ಹೋಗುತ್ತದೆ ಎಂದರೆ ಓದು ಬಿಟ್ಟು ಮನೆಯಲ್ಲಿ ಕುಳಿತಿದೆ ಎಂದಲ್ಲ. ಅಲ್ಲಿ ಪಾಠವೂ ಇದೆ, ಆಟವೂ ಇದೆ. ಪಾಠ ಸೊರಗುತ್ತದೆ ಎಂಬ ದೂರು ಅಲ್ಲೂ ಹಳೆಯದೇ. ಊರಿನ ಕ್ರೀಡಾ ಶಾಲೆಯಿಂದ ಆಯ್ಕೆಯಾದವರು ಪ್ರಾಂತ್ಯದ ತಂಡಕ್ಕೆ, ಅಲ್ಲಿಂದ ಕೆಲವರು ರಾಷ್ಟ್ರೀಯ ಎರಡನೇ ತಂಡಕ್ಕೆ, ಅಲ್ಲಿಂದ ಬೆರಳೆಣಿಕೆಯಷ್ಟು ಮಂದಿ ಮೊದಲ ತಂಡಕ್ಕೆ. ಪ್ರಾಂತ್ಯದ ತಂಡ ಸೇರಿದವರಿಗೆ ಸಂಬಳವಿದೆ, ವಸತಿಯಿದೆ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಅಲ್ಲಿನ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಪದಕ ಬೇಕಾಗಿರುವುದರಿಂದ ಪ್ರಾಂತ್ಯಗಳು ಈ ಖರ್ಚನ್ನು ಹೊರುತ್ತವೆ. ಲಿನ್ ಡಾನ್ 12ನೇ ವಯಸ್ಸಿಗೆ ಸೇರಿದ್ದು ಸೇನೆಯ ಕ್ರೀಡಾ ತಂಡವನ್ನು. ಬಾಲಕನ ಊಟ, ಬಟ್ಟೆ, ಮುಂದಿನ ನೌಕರಿ ಎಲ್ಲಕ್ಕೂ ಒಂದು ಸಂಸ್ಥೆ ಬೆನ್ನಿಗಿತ್ತು. ಓದು ನಿಲ್ಲಿಸಿದ ನಮ್ಮ ಹುಡುಗನ ಬೆನ್ನಿಗಿರುವುದು ಅಪ್ಪನ ಸಂಬಳ ಮಾತ್ರ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಎಂದು ನಿಮ್ಮ ತರಬೇತುದಾರರಿಗೆ ನಾನು ಗೌರವದಿಂದಲೇ ಹೇಳುತ್ತೇನೆ.

ಅಷ್ಟೆಲ್ಲ ಬೆನ್ನಿಗಿದ್ದರೂ ಗೆಲುವಿನ ಭರವಸೆ ಇಲ್ಲ. 2014ರಲ್ಲಿ ನಾನ್‌ಜಿಂಗ್‌ನಲ್ಲಿ ಯುವ ಒಲಿಂಪಿಕ್ಸ್ ನಡೆಯಿತು. ಬಾಲಕರ ಸಿಂಗಲ್ಸ್ ಫೈನಲ್‌ನಲ್ಲಿದ್ದವರಿಬ್ಬರೂ ಚೀನಾದವರು: ಶಿ ಯುಕಿ ಮತ್ತು ಲಿನ್ ಗುಯಿಪು. ಕಂಚು ಗೆದ್ದವರು ಇಂಡೊನೇಷ್ಯಾದ ಆಂಥೊನಿ ಗಿಂಟಿಂಗ್. ಹತ್ತು ವರ್ಷದ ನಂತರ, 2024ರಲ್ಲಿ, ಚೆಂಗ್ಡುವಿನಲ್ಲಿ ಥಾಮಸ್ ಕಪ್ ಫೈನಲ್‌ನ ಮೊದಲ ಪಂದ್ಯದಲ್ಲಿ ಎದುರುಬದುರಾದವರು ಶಿ ಮತ್ತು ಗಿಂಟಿಂಗ್. ಅಂದು ಬೆಳ್ಳಿ ಗೆದ್ದಿದ್ದ ಲಿನ್ ಗುಯಿಪು ಅವರ ಹೆಸರು ನಿಮ್ಮ ಮಗನಿಗೆ ಗೊತ್ತಿದೆಯೇ ಕೇಳಿ. ಅವರಲ್ಲಿ ಪ್ರತಿಭೆಗೆ ಕೊರತೆಯಿರಲಿಲ್ಲ, ವ್ಯವಸ್ಥೆಯೂ ಅದೇ ಇತ್ತು. ಅದೇ ಕೂಟದಲ್ಲಿ ಬಾಲಕಿಯರ ಚಿನ್ನ ಗೆದ್ದವರು ಹಿ ಬಿಂಗ್‌ಜಿಯಾವೊ. ಟೋಕಿಯೊದಲ್ಲಿ ನಮ್ಮ ಪಿ.ವಿ. ಸಿಂಧು ಕಂಚು ಗೆದ್ದದ್ದು ಇವರನ್ನು ಸೋಲಿಸಿ. ಪ್ಯಾರಿಸ್‌ನಲ್ಲಿ ಅವರು ಸಿಂಧು ಅವರನ್ನು ಸೋಲಿಸಿ, ಬೆಳ್ಳಿ ಗೆದ್ದು, ಕೆಲವೇ ತಿಂಗಳಲ್ಲಿ ಅಂತರರಾಷ್ಟ್ರೀಯ ಆಟ ನಿಲ್ಲಿಸಿದರು. ಆಗ ಅವರಿಗೆ 27. ಚೀನಾದ ಸಿಂಗಲ್ಸ್ ಆಟಗಾರರ ವೃತ್ತಿಬದುಕು ಬಹುಮಟ್ಟಿಗೆ ಇಷ್ಟೇ ಉದ್ದ. 30ರ ಆಚೆ ಬದುಕು ಬಹಳ ಉಳಿದಿರುತ್ತದೆ.

‘ಈಗಲೇ ತಡವಾಗಿದೆ’ ಎನ್ನುವುದನ್ನಂತೂ ನಾನು ಒಪ್ಪುವುದಿಲ್ಲ. ಎಂಟಕ್ಕೆ ಶುರುಮಾಡಿದ ಹುಡುಗನಿಗೆ ಆಟದ ಅಡಿಪಾಯ ಬಿದ್ದಾಗಿದೆ. ಜಾಂಗ್ ನಿಂಗ್ ಅವರನ್ನು ನೋಡಿ. 1994ರಲ್ಲಿ, 19ರ ಹರೆಯದಲ್ಲಿ, ಜಕಾರ್ತಾದಲ್ಲಿ ಮಹಿಳೆಯರ ತಂಡ ಟೂರ್ನಿಯಾದ ಉಬೆರ್ ಕಪ್ ಫೈನಲ್‌ನ ನಿರ್ಣಾಯಕ ಪಂದ್ಯವನ್ನು ಇಂಡೊನೇಷ್ಯಾದ 14 ವರ್ಷದ ಮಿಯಾ ಆಡಿನಾ ಎದುರು ಸೋತರು. ಚೀನಾಕ್ಕೆ ಕಪ್ ಕೈತಪ್ಪಿತು. ಅವರು ವಿಶ್ವ ಚಾಂಪಿಯನ್ ಆದದ್ದು 2003ರಲ್ಲಿ. ಅಥೆನ್ಸ್ ಒಲಿಂಪಿಕ್ಸ್ ಚಿನ್ನ 29ಕ್ಕೆ, ಬೀಜಿಂಗ್‌ನ ಎರಡನೇ ಚಿನ್ನ 33ಕ್ಕೆ. ನನ್ನ ದೃಷ್ಟಿಯಲ್ಲಿ ಚೀನಾದ ಬ್ಯಾಡ್ಮಿಂಟನ್‌ನಿಂದ ನಮ್ಮ ಪೋಷಕರು ಕಲಿಯಬೇಕಾದ ಮೊದಲ ಹೆಸರು ಇವರದ್ದು, ಲಿನ್ ಡಾನ್ ಅವರದ್ದಲ್ಲ. ಆ ಲಿನ್ ಡಾನ್ ಕೂಡ 2004ರ ಅಥೆನ್ಸ್‌ನಲ್ಲಿ ಅಗ್ರ ಶ್ರೇಯಾಂಕದೊಂದಿಗೆ ಇಳಿದು ಮೊದಲ ಪಂದ್ಯದಲ್ಲೇ ಸಿಂಗಪುರದ ರೊನಾಲ್ಡ್ ಸುಸಿಲೊ ಎದುರು ಸೋತಿದ್ದರು.

ಚೀನಾದ ದಾರಿಯೊಂದೇ ದಾರಿ ಎಂದುಕೊಂಡವರಿಗೆ ನಮ್ಮ ಪ್ರಕಾಶ್ ಪಡುಕೋಣೆ ಅವರನ್ನೂ ನೆನಪಿಸಬೇಕು. ಮಲ್ಲೇಶ್ವರದ ಕೆನರಾ ಯೂನಿಯನ್‌ನ ಸಭಾಂಗಣದಲ್ಲಿ, ಮದುವೆ ಇದ್ದ ದಿನ ಅಭ್ಯಾಸಕ್ಕೆ ಜಾಗವಿಲ್ಲದೆ ಬೆಳೆದ ಆಟಗಾರ 1981ರಲ್ಲಿ ಕ್ವಾಲಾಲಂಪುರದ ವಿಶ್ವಕಪ್ ಫೈನಲ್‌ನಲ್ಲಿ ಚೀನಾದ ಹಾನ್ ಜಿಯಾನ್ ಅವರನ್ನು 15-0, 18-16ರಿಂದ ಸೋಲಿಸಿದರು. ಚೀನಾ ವಿಶ್ವ ಸಂಸ್ಥೆಯ ಟೂರ್ನಿಗಳಿಗೆ ಕಾಲಿಟ್ಟ ವರ್ಷವೇ ಅದು.

ಇನ್ನು ನಿಮ್ಮ ಮುಂದಿರುವ ದಾರಿಗಳನ್ನು ನೋಡೋಣ. ಬಿಗಿಯಾಗಿ ಟೇಪ್ ಸುತ್ತಿ, ನೋವಿನ ಮಾತ್ರೆ ನುಂಗಿಸಿ ಈ ಟೂರ್ನಿ ಆಡಿಸಬಹುದು. ಒಂದೆರಡು ಸುತ್ತು ಗೆದ್ದಾನು ಕೂಡ. ಅಪಾಯ ಏನೆಂದರೆ, ಲಿಗಮೆಂಟ್‌ನೊಳಗೆ ಪಾದ ಯಾವ ಕೋನದಲ್ಲಿದೆ ಎಂದು ಮೆದುಳಿಗೆ ತಿಳಿಸುವ ನರತಂತುಗಳಿರುತ್ತವೆ. ಉಳುಕಿದಾಗ ಅವೂ ಪೆಟ್ಟು ತಿನ್ನುತ್ತವೆ. ನೋವು ಎರಡು ಮೂರು ವಾರದಲ್ಲಿ ಹೋಗುತ್ತದೆ, ಆ ಅರಿವು ವ್ಯಾಯಾಮವಿಲ್ಲದೆ ಮರಳುವುದಿಲ್ಲ. ಒಮ್ಮೆ ಉಳುಕಿದ ಪಾದ ಮತ್ತೆ ಉಳುಕಲು ಇದೇ ಕಾರಣ. ನಿಮ್ಮ ಮಗನ ಎರಡನೇ ಉಳುಕಿಗೂ ಬಹುಶಃ ಇದೇ ಕಾರಣ. ಮೊದಲ ಸಲ ಊತ ಇಳಿದ ಕೂಡಲೇ ಅವನು ಅಂಕಣಕ್ಕೆ ಮರಳಿರಬೇಕು. ಮೂರನೆಯದಾದರೆ ಗಂಟು ಸಡಿಲವಾಗಿಯೇ ಉಳಿದುಬಿಡುವ, ಒಳಗಿನ ಮೃದ್ವಸ್ಥಿ ಸವೆಯುವ ಭಯವಿದೆ. ಮಾತ್ರೆಯಂತೂ ದೇಹ ಕೊಡುವ ಎಚ್ಚರಿಕೆಯನ್ನೇ ಮುಚ್ಚಿಹಾಕುತ್ತದೆ.

ಎರಡನೆಯ ದಾರಿ, ಈ ಟೂರ್ನಿ ಬಿಟ್ಟು ಎಂಟರಿಂದ ಹನ್ನೆರಡು ವಾರ ವ್ಯಾಯಾಮದಿಂದ ಪಾದವನ್ನು ಗಟ್ಟಿಮಾಡಿಕೊಳ್ಳುವುದು. ನನ್ನ ಸಲಹೆ ಇದು. ರ‍್ಯಾಂಕಿಂಗ್ ಅಂಕ ಹೋಗುತ್ತದೆ, ಹುಡುಗ ಮುನಿಸಿಕೊಳ್ಳುತ್ತಾನೆ, ಜತೆಯವರು ಮುಂದೆ ಹೋದಂತೆ ಕಾಣುತ್ತದೆ. ಈ ನಷ್ಟಗಳು ನಿಜವಾದವೇ, ಆದರೆ ತುಂಬಿಕೊಳ್ಳಬಹುದಾದ ನಷ್ಟಗಳು. ಈ ಅವಧಿಯಲ್ಲಿ ಅವನು ಸುಮ್ಮನೆ ಮಲಗಿರಬೇಕಿಲ್ಲ. ಕುರ್ಚಿಯ ಮೇಲೆ ಕುಳಿತು ನೆಟ್ ಹೊಡೆತ ಅಭ್ಯಾಸ ಮಾಡಬಹುದು, ಭುಜ ಮತ್ತು ಸೊಂಟದ ಬಲ ಹೆಚ್ಚಿಸಿಕೊಳ್ಳಬಹುದು, ಸೈಕಲ್ ತುಳಿಯಬಹುದು.

ಅಂಕಣಕ್ಕೆ ಮರಳುವ ದಿನವನ್ನು ಕ್ಯಾಲೆಂಡರ್ ನೋಡಿ ನಿರ್ಧರಿಸಬೇಡಿ. ನಾನು ನೋಡುವುದು ಇವನ್ನು: ಕಣ್ಣು ಮುಚ್ಚಿ ಎಡಗಾಲಲ್ಲಿ ಅರ್ಧ ನಿಮಿಷ ಅಲುಗಾಡದೆ ನಿಲ್ಲಬೇಕು. ಒಂಟಿಕಾಲಲ್ಲಿ ಹಿಮ್ಮಡಿ ಎತ್ತಿ ಇಳಿಸುವುದನ್ನು ಬಲಗಾಲು ಎಷ್ಟು ಸಲ ಮಾಡುತ್ತದೋ ಎಡಗಾಲೂ ಅಷ್ಟು ಸಲ ಮಾಡಬೇಕು. ಗೋಡೆಗೆ ಮೊಣಕಾಲು ತಾಗಿಸುವಾಗ ಹಿಮ್ಮಡಿ ಏಳದೆ ಎರಡೂ ಪಾದ ಒಂದೇ ದೂರದಲ್ಲಿ ಇರಬೇಕು. ಎಡಗಾಲಿನ ಒಂಟಿ ಜಿಗಿತ ಬಲಗಾಲಿನ ಶೇ 90ಕ್ಕಾದರೂ ಬರಬೇಕು. ಇಷ್ಟಾದ ಮೇಲೆ ಶಟಲ್ ಇಲ್ಲದೆ ಅದೇ ಎಡ ಹಿಂಬದಿಯ ಮೂಲೆಗೆ ಜಿಗಿದು ಇಳಿಯುವ ಅಭ್ಯಾಸ, ಮೊದಲು ನಿಧಾನಕ್ಕೆ, ಆಮೇಲೆ ವೇಗದಲ್ಲಿ. ಇಳಿಯುವಾಗ ಅವನ ಮುಖ ನೋಡಿ. ಪಾದವನ್ನು ನಂಬುತ್ತಿದ್ದಾನೋ ಇಲ್ಲವೋ ಅಲ್ಲಿ ತಿಳಿಯುತ್ತದೆ. ಕೊನೆಗೆ ಶಟಲ್, ಆಮೇಲೆ ಪಂದ್ಯ. ಮರಳಿದ ಮೇಲೂ ಆರು ತಿಂಗಳಾದರೂ ಆಡುವಾಗ ಗಂಟಿಗೆ ಪಟ್ಟಿ ಧರಿಸಲಿ. ಹಿಂದೆ ಉಳುಕಿದವರಿಗೆ ಅದರಿಂದ ನಿಜಕ್ಕೂ ಪ್ರಯೋಜನವಿದೆ.

ಮೂರನೆಯದು, ಓದು ನಿಲ್ಲಿಸಿ ದಿನವಿಡೀ ಆಟ. ಗಂಟು ಗಟ್ಟಿಯಾಗದೆ ಅಭ್ಯಾಸದ ಗಂಟೆಗಳನ್ನು ಇಮ್ಮಡಿಸಿದರೆ ಅದೇ ಪಾದದ ಮೇಲೆ ಅಷ್ಟೇ ಹೆಚ್ಚು ಬಾರಿ ಭಾರ ಬೀಳುತ್ತದೆ. ಹಾಗಾಗಿ ಈ ಚರ್ಚೆಯನ್ನೇ ಎಸ್‌ಎಸ್‌ಎಲ್‌ಸಿ ಮುಗಿದ ಮೇಲಕ್ಕೆ ಮುಂದೂಡಿ. ಆಗಲೂ ಕಾಲೇಜು ಬಿಡುವ ಬದಲು ಆಟಕ್ಕೆ ಹಾಜರಾತಿಯಲ್ಲಿ ವಿನಾಯಿತಿ ಕೊಡುವ ಕಾಲೇಜನ್ನೋ, ಮುಕ್ತ ಶಾಲಾ ವ್ಯವಸ್ಥೆಯನ್ನೋ ಹುಡುಕಿ.

ಈ ವಾರ ಮಾಡಬೇಕಾದದ್ದು ಒಂದಿದೆ. 15ರ ಹುಡುಗರಲ್ಲಿ ಮೂಳೆಯ ತುದಿಯ ಬೆಳವಣಿಗೆಯ ಪದರ ಇನ್ನೂ ಮುಚ್ಚಿರುವುದಿಲ್ಲ. ಉಳುಕೆಂದುಕೊಂಡದ್ದು ಕೆಲವೊಮ್ಮೆ ಆ ಪದರದ ಪೆಟ್ಟಾಗಿರುತ್ತದೆ. ಹೊರ ಗಂಟಿನ ಮೂಳೆಯನ್ನೇ ಬೆರಳಲ್ಲಿ ಒತ್ತಿದಾಗ ನೋವಿದ್ದರೆ, ಅಥವಾ ಉಳುಕಿದ ದಿನ ನಾಲ್ಕು ಹೆಜ್ಜೆಯೂ ಇಡಲಾಗದಿದ್ದರೆ, ಮೂಳೆ ವೈದ್ಯರಿಗೆ ತೋರಿಸಿ ಎಕ್ಸ್‌ರೇ ತೆಗೆಸಿ. ಎಕ್ಸ್‌ರೇ ಸರಿಯಿದ್ದರೂ ಅಲ್ಲಿಗೆ ಬಿಡದೆ, ಗಂಟು ಸಡಿಲವಾಗಿದೆಯೇ ಎಂದು ಕೈಯಿಂದ ಪರೀಕ್ಷಿಸಲು ಕೇಳಿ. ವೈದ್ಯರ ಬಳಿ ಹೋಗುವಾಗ ತರಬೇತುದಾರರನ್ನೂ ಜತೆಗೆ ಕರೆದುಕೊಂಡು ಹೋಗಿ. ಎಂಟು ವಾರದ ವೇಳಾಪಟ್ಟಿ ಅವರ ಮುಂದೆಯೇ ಬರೆಸಿಕೊಂಡರೆ ಅಂಕಣದಲ್ಲಿ ಹುಡುಗನನ್ನು ತಡೆಯುವ ಹೊಣೆ ನಿಮ್ಮೊಬ್ಬರ ಮೇಲೆ ಬೀಳುವುದಿಲ್ಲ.